ಹಿನ್ನೀರಿನ ಮನೆಯ ಎರಡನೇ ಕೀಲಿ

ಹೆಸರು: ದಿವ್ಯ ಕೋಂ ಯಶವಂತ, ವಯಸ್ಸು: 26 ವರ್ಷ, ಉದ್ಯೋಗ: ಮನೆಯಲ್ಲೇ ಹೊಲಿಗೆ ಕೆಲಸ, ವಾಸ: ವೃಷಭೇಂದ್ರಪ್ಪನವರ ಬಾಡಿಗೆ ಮನೆ, ಭದ್ರಾ ಹಿನ್ನೀರಿನ ದಂಡೆ, ನರಸಿಂಹರಾಜಪುರ.

ಈ ದಿನ ಗಂಡನೊಂದಿಗೆ ಠಾಣೆಗೆ ಖುದ್ದಾಗಿ ಬಂದು ಹೇಳಿ ಬರೆಸುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ಗಂಡ ಮತ್ತು ಮೂರು ವರ್ಷದ ಮಗಳು ಗಗನಾಳೊಂದಿಗೆ ವಾಸವಾಗಿರುತ್ತೇನೆ. ನನ್ನ ಗಂಡ ಖಾಸಗಿ ಬಸ್ಸಿನ ಡ್ರೈವರ್. ಮೊದಲು ನಾವು ಕೊಪ್ಪದಲ್ಲಿ ಬಸ್ ನಿಲ್ದಾಣದ ಹಿಂದೆ ಒಂದೇ ಕೋಣೆಯ ಮನೆಯಲ್ಲಿದ್ದೆವು. ಅಲ್ಲಿ ಕಿಟಕಿ ತೆಗೆದರೆ ಪಕ್ಕದ ಹೋಟೆಲಿನ ಹೊಗೆ ಒಳಗೆ ಬರುತ್ತಿತ್ತು. ಗಂಡನಿಗೆ ನರಸಿಂಹರಾಜಪುರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಕೆಲಸ ಸಿಕ್ಕಿದ್ದರಿಂದ ಈ ತಿಂಗಳ ಮೊದಲ ವಾರ ಇಲ್ಲಿಗೆ ಬಂದೆವು. ಮನೆ ನೋಡಲು ಹೋದ ದಿನ ಮಾಲೀಕರು ಹಿಂಬಾಗಿಲು ತೆಗೆದು ಹಿನ್ನೀರನ್ನು ತೋರಿಸಿ, ಸಮುದ್ರ ನೋಡೋಕೆ ನೀವು ಮಂಗಳೂರಿಗೆ ಹೋಗುವುದೇ ಬೇಡ ಎಂದರು. ಆಚೆ ದಡ ಬೆಳಗಿನ ಹೊತ್ತು ಕಾಣುವುದಿಲ್ಲ. ಮಗಳು ಅದನ್ನು ಸಮುದ್ರ ಎಂದೇ ಕರೆಯುತ್ತಾಳೆ. ನಾನು ಹೊಲಿಗೆ ಮೆಷಿನ್ನನ್ನು ನೀರಿನ ಕಡೆಯ ಕಿಟಕಿಯ ಕೆಳಗೆ ಇಟ್ಟುಕೊಂಡೆ. ಮದುವೆಯಾದ ಮೇಲೆ ನನಗೆ ಇಷ್ಟವಾದ ಮೊದಲ ಮನೆ ಇದು.

ಮುಂಬಾಗಿಲಿಗೆ ಬಾಗಿಲಲ್ಲೇ ಕೂರಿಸಿದ ಬೀಗವಿದೆ. ಮಾಲೀಕರು ಅದಕ್ಕೆ ಒಂದೇ ಕೀಲಿ ಕೊಟ್ಟರು. ಇನ್ನೊಂದನ್ನು ಹಿಂದೆ ಇದ್ದವರು ಕಳೆದುಹಾಕಿದ್ದಾರೆಂದು ಹೇಳಿದರು. ಇದ್ದ ಒಂದು ಕೀಲಿ ಗಂಡನ ಹತ್ತಿರ ಇರುತ್ತಿತ್ತು. ಹಿಂದೆ ಇದ್ದವರು ಯಾರು, ಯಾಕೆ ಬಿಟ್ಟು ಹೋದರು ಎಂಬುದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಪಕ್ಕದಲ್ಲಿ ತೋಟದ ಕೆಲಸಕ್ಕೆ ಹೋಗುವ ಕರಿಯಕ್ಕ ಎಂಬವರ ಮನೆ ಇದೆ. ಸಾಮಾನು ಇಳಿಸಿದ ದಿನ ಒಲೆ ಹಚ್ಚುವ ಮೊದಲು ನಮಗೆ ಗಂಜಿ ತಂದುಕೊಟ್ಟವರು ಅವರು.

ನಿನ್ನೆ ದಿನಾಂಕ 23-01-2007ರಂದು ಮಂಗಳವಾರ ಮಧ್ಯಾಹ್ನ ಸುಮಾರು ಎರಡೂವರೆ ಗಂಟೆಗೆ ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ನಾನು ಹೊಲಿಯುತ್ತಿದ್ದೆ. ಮುಂಬಾಗಿಲಿನಲ್ಲಿ ಕೀಲಿ ತಿರುಗಿದ ಸದ್ದು ಕೇಳಿತು. ಗಂಡ ಬಂದರೆಂದು ತಿಳಿದು, ತಿರುಗಿ ನೋಡದೆ, ಇಷ್ಟು ಬೇಗ ಬಂದಿರಾ ಎಂದು ಕೇಳಿದೆ. ತಿರುಗಿದಾಗ ಸುಮಾರು ಮೂವತ್ತೈದು ವರ್ಷದ, ಬಿಳಿ ಶರ್ಟಿನ ಅಪರಿಚಿತ ವ್ಯಕ್ತಿ ನಿಂತಿದ್ದ. ಅವನು ಚಪ್ಪಲಿ ಬಿಚ್ಚಿ ಗೋಡೆಗೆ ಸರಿಯಾಗಿ ಜೋಡಿಸಿಟ್ಟ. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಆಮೇಲೆ ರೇಖಾ ಎಲ್ಲಿ ಎಂದು ಕೇಳಿದ.

ರೇಖಾ ಎಂಬವರು ಇಲ್ಲಿ ಯಾರೂ ಇಲ್ಲ, ನಾವು ಹೊಸದಾಗಿ ಬಾಡಿಗೆಗೆ ಬಂದವರು ಎಂದೆ. ಅವನು ನಕ್ಕು, "ಹೀಗೇ ಹೇಳು ಅಂತ ಅವ್ಳೇ ಹೇಳಿಕೊಟ್ಟಿದ್ದಾ?" ಎಂದ. ರೇಖಾ ತನ್ನ ಹೆಂಡತಿ, ಮಳೆಗಾಲದಲ್ಲಿ ತಾನು ಶೃಂಗೇರಿ ಕಡೆ ಕೆಲಸಕ್ಕೆ ಹೋಗಿದ್ದಾಗ ಈ ಮನೆಯಿಂದ ಓಡಿಹೋದಳು, ಹಿತ್ತಲಲ್ಲಿ ಸೀರೆ ಒಣಗುತ್ತಿದ್ದುದನ್ನು ಕಂಡು ಅವಳು ವಾಪಸು ಬಂದಿದ್ದಾಳೆಂದು ತನಗೆ ಗೊತ್ತಾಯಿತು ಎಂದು ಹೇಳಿದ. ಆ ಸೀರೆ ನನ್ನದು ಎಂದು ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಅಡುಗೆಮನೆ, ಬಚ್ಚಲು, ಬಾಗಿಲುಗಳ ಹಿಂದೆ ಎಲ್ಲ ನೋಡಿದ. ಒಳಕೋಣೆಗೆ ಬಂದಾಗ ನಾನು ಅಡ್ಡ ನಿಂತೆ. ಅವನು ನನ್ನ ಭುಜದ ಮೇಲಿಂದ ಮಗಳನ್ನು ನೋಡಿ, "ಏಳಿಸ್ಬೇಡ, ಮಲಗ್ಲಿ ಪಾಪ" ಎಂದ. ಬೈದು ಕೂಗಾಡಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಅವನು ಕುರ್ಚಿಯನ್ನು ಹಿಂಬಾಗಿಲಿಗೆ ಒತ್ತಿ ಕುಳಿತ. ಮನೆಯಲ್ಲಿ ಫೋನ್ ಇರಲಿಲ್ಲ. ಇದ್ದ ಒಂದು ಮೊಬೈಲ್ ಗಂಡನ ಹತ್ತಿರ ಇತ್ತು. ಮೆಷಿನ್ನಿನ ಮೇಲೆ ಬಟ್ಟೆ ಕತ್ತರಿ ಇತ್ತು. ನಾನು ಅದರ ಕಡೆ ನೋಡಿದ್ದನ್ನು ಕಂಡು ಅವನೇ ಎದ್ದು ಬಂದು ಅದನ್ನು ತೆಗೆದುಕೊಂಡ. ಆಮೇಲೆ ಶರ್ಟು ಬಿಚ್ಚಿ ನನ್ನ ಮಡಿಲಿಗೆ ಹಾಕಿ, ಒಂದು ಗುಂಡಿ ಹೋಗಿದೆ, ಹೊಲಿದುಕೊಡು ಎಂದ. ನಾನು ಹೊಲಿದೆ. ಸೂಜಿ ಬೆರಳಿಗೆ ಚುಚ್ಚಿ ಬಿಳಿ ಬಟ್ಟೆಗೆ ರಕ್ತ ತಾಗಿತು. ಆ ಕಲೆ ಅವನಿಗೆ ಕಂಡರೆ ಏನಾಗುವುದೋ ಎಂದು ಹೆಬ್ಬೆರಳಿನಿಂದ ಮುಚ್ಚಿಕೊಂಡೆ. ಆದರೂ ಅವನು ನೋಡಿದ. "ರೇಖಾನೂ ಹೀಗೇ. ಒಂದು ಕೆಲ್ಸ ನೆಟ್ಟಗೆ ಮಾಡ್ತಿರ್ಲಿಲ್ಲ" ಎಂದ. ಸಿಕ್ಕಿದರೆ ಅವಳನ್ನು ಈ ನೀರಿಗೇ ಹಾಕುತ್ತೇನೆ ಎಂದೂ, ಕಿಟಕಿಯಾಚೆ ನೋಡುತ್ತ ಹೇಳಿದ.

ಮೂರು ಗಂಟೆ ದಾಟಿರಬಹುದು. ಕರಿಯಕ್ಕ ತೋಟದಿಂದ ದಂಡೆಯ ದಾರಿಯಲ್ಲಿ ಬಂದು, ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಇದೆಯಾ ಎಂದು ಕಿಟಕಿಯಿಂದ ಕೇಳಿದರು. ಅವನು ಕತ್ತರಿ ಹಿಡಿದು ಕಿಟಕಿಯ ಪಕ್ಕದ ಗೋಡೆಗೆ ಅಂಟಿ ನಿಂತು, ಕಳಿಸು ಎಂದು ಕೈಸನ್ನೆ ಮಾಡಿದ. ಕರಿಯಕ್ಕ ಆಗ ತೊಟ್ಟಿದ್ದ ಹಸಿರು ರವಿಕೆ ನಾನೇ ಹೊಲಿದು ಹಿಂದಿನ ದಿನ ಕೊಟ್ಟದ್ದು. ನಾನು, "ಕರಿಯಕ್ಕ, ನಿಮ್ಮ ಹಸಿರು ರವಿಕೆ ಇನ್ನೂ ಆಗಿಲ್ಲ, ನಾಳೆ ಬನ್ನಿ" ಎಂದೆ. ಅವರು ತಮ್ಮ ತೋಳನ್ನು ನೋಡಿಕೊಂಡರು. ನನ್ನ ಮುಖ ನೋಡಿದರು. "ಆಯ್ತು ಮಾರಾಯ್ತಿ, ಎಂತ ಅವಸರ ಇಲ್ಲ, ನಾಳೆನೇ ಬತ್ತೆ" ಎಂದು ಹೇಳಿ ಹೋದರು. ಅವರು ಯಾವಾಗಿನಂತೆ ನಿಧಾನವಾಗಿಯೇ ನಡೆದು ಹೋದದ್ದನ್ನು ನೋಡಿ, ಅವರಿಗೆ ಅರ್ಥವಾಗಲಿಲ್ಲ ಎಂದುಕೊಂಡೆ.

ಸ್ವಲ್ಪ ಹೊತ್ತಿನ ನಂತರ ಮುಂಬಾಗಿಲನ್ನು ಬಡಿದು ಮಾಲೀಕರು ನನ್ನನ್ನು ಕರೆದರು. ಸದ್ದಿಗೆ ಮಗಳು ಎದ್ದು ಅತ್ತಳು. ನನಗಿಂತ ಮೊದಲು ಅವನೇ ಒಳಕೋಣೆಗೆ ಹೋದ. ಕತ್ತರಿ ಬಿಸಾಡಿ ಮಗಳನ್ನು ಎತ್ತಿಕೊಂಡು, ಹಿಂಬಾಗಿಲಿನ ಕುರ್ಚಿಯನ್ನು ಒದ್ದು ಹೊರಗೆ ಓಡಿದ. ಬಾಗಿಲಿನಿಂದ ನೀರಿಗೆ ಸುಮಾರು ನಲವತ್ತು ಅಡಿ ಇಳಿಜಾರು. ನಾನು ಹಿಂದೆಯೇ ಓಡಿದೆ. ಅವನು ತೊಡೆಯವರೆಗೆ ನೀರಿಗಿಳಿದು ನಿಂತ. ಮಗಳನ್ನು ಎರಡು ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದಿದ್ದ. ಅವಳ ಕಾಲು ನೀರಿಗೆ ತಾಗುತ್ತಿತ್ತು. "ಇನ್ನೊಂದು ಹೆಜ್ಜೆ ಇಟ್ರೆ ಕೈ ಬಿಡ್ತೀನಿ. ರೇಖಾ ಎಲ್ಲಿದ್ದಾಳೆ ಹೇಳು" ಎಂದ. ನನಗೆ ಗೊತ್ತಿಲ್ಲ ಎಂದು ಹೇಳಿದೆ. ಎಷ್ಟು ಸಲ ಹೇಳಿದೆನೋ ತಿಳಿಯದು. ಗೊತ್ತಿದ್ದಿದ್ದರೆ ಆಗ ಹೇಳಿಬಿಡುತ್ತಿದ್ದೆ.

ಆ ಹೊತ್ತಿಗೆ ಮನೆಯ ಪಕ್ಕದಿಂದ ಕರಿಯಕ್ಕ, ಮಾಲೀಕರು ಮತ್ತು ತೋಟದ ಕೆಲಸದ ಸತೀಶ ಬಂದರು. ಕರಿಯಕ್ಕ ಗಂಡಸರಿಬ್ಬರನ್ನೂ ಅಲ್ಲೇ ನಿಲ್ಲಿಸಿ, ಸೀರೆ ಎತ್ತಿಕಟ್ಟಿ ತಾವೊಬ್ಬರೇ ನೀರಿಗಿಳಿದರು.

"ಅವ್ಳಿಗೆಂತ ಗೊತ್ತು ಮಹೇಶ್ವರ? ಮೊನ್ನೆ ಬಂದವ್ಳು. ರೇಖಾನ್ನ ಬಸ್ಸು ಹತ್ತಿಸಿದ್ದು ನಾನು. ಕೂಸನ್ನ ನನ್ ಕೈಗೆ ಕೊಡು, ಊರು ಹೇಳ್ತೆ" ಎಂದರು. ಅವನ ಹೆಸರು ನನಗೆ ತಿಳಿದದ್ದು ಆಗಲೇ.

ಮೊದಲು ಊರು ಹೇಳು ಎಂದು ಅವನು ಕೂಗಿದ. ಮೊದಲು ಕೂಸು ಎಂದು ಕರಿಯಕ್ಕ ಹೇಳಿದರು. "ಚಳಿಗೆ ಹಲ್ಲು ಕಡೀತಾ ಇದೆ ನೋಡು ಅದು" ಎಂದರು. ಅವನು ಮಗಳ ಮುಖ ನೋಡಿದ. ತುಂಬ ಹೊತ್ತು ನೋಡಿದ ಹಾಗೆ ನನಗೆ ಅನಿಸಿತು. ಆಮೇಲೆ ಕೊಟ್ಟ. ಕರಿಯಕ್ಕ ಮಗಳನ್ನು ನನ್ನ ಕೈಗೆ ದಾಟಿಸಿ, ಅವನ ಹತ್ತಿರವೇ ನಿಂತು ಒಂದು ಊರಿನ ಹೆಸರು ಹೇಳಿದರು. ಯಾರ ಮನೆ ಎಂದೂ ಹೇಳಿದರು. ಅವನು ದಡ ಹತ್ತುತ್ತಿದ್ದಂತೆ ಮಾಲೀಕರು ಮತ್ತು ಸತೀಶ ಹಿಡಿದುಕೊಂಡರು. ಅವನು ಹೊಡೆದಾಡಲಿಲ್ಲ. ಬಸ್ಸಿಗೆ ಹೊತ್ತಾಯಿತು, ಬಿಡಿ ಎಂದು ಪೊಲೀಸರು ಬರುವವರೆಗೂ ಕೇಳಿಕೊಳ್ಳುತ್ತಲೇ ಇದ್ದ.

ಹಿಂದಿನ ಬಾಡಿಗೆದಾರ ಹೆಂಡತಿಯನ್ನು ಹೊಡೆಯುತ್ತಿದ್ದುದು ತಮಗೆ ಗೊತ್ತಿತ್ತು, ಹೇಳಿದರೆ ಮನೆಗೆ ಯಾರೂ ಬರುವುದಿಲ್ಲವೆಂದು ಹೇಳಲಿಲ್ಲ ಎಂದು ಮಾಲೀಕರು ನಿನ್ನೆ ಸಂಜೆ ಒಪ್ಪಿಕೊಂಡರು. ಇಂದು ಬೆಳಿಗ್ಗೆ ಬೀಗ ಬದಲಾಯಿಸಿದ್ದಾರೆ. ಆ ಮನೆಯಲ್ಲಿ ಮುಂದೆ ಇರುವುದೋ ಬಿಡುವುದೋ ನಾವು ತೀರ್ಮಾನಿಸಿಲ್ಲ. ಮಗಳು ನನ್ನ ಕುತ್ತಿಗೆ ಬಿಡುತ್ತಿಲ್ಲ. ಇದನ್ನು ಬರೆಸುವಾಗಲೂ ಅವಳು ನನ್ನ ಮಡಿಲಲ್ಲೇ ಇದ್ದಾಳೆ.

ಕರಿಯಕ್ಕ ಹೇಳಿದ ಊರಿನ ಹೆಸರು ನನಗೆ ನೆನಪಿದೆ. ಅದು ನಿಜವೋ ಸುಳ್ಳೋ ಎಂದು ನಾನು ಅವರನ್ನು ಆಮೇಲೆ ಕೇಳಿದೆ. ಅವರು ಉತ್ತರ ಕೊಟ್ಟಿದ್ದಾರೆ. ಈ ಹೇಳಿಕೆಯ ಪ್ರತಿ ಮುಂದೆ ಮಹೇಶ್ವರನಿಗೂ ಸಿಗುತ್ತದೆಂದು ಠಾಣೆಯಲ್ಲಿ ತಿಳಿಸಿದ್ದರಿಂದ ಆ ಊರಿನ ಹೆಸರು ಅವನ ಕಿವಿಗೆ ಆಗಲೇ ಬಿದ್ದಿದ್ದರೂ ಅದನ್ನೂ, ಕರಿಯಕ್ಕನ ಉತ್ತರವನ್ನೂ ನಾನು ಬರೆಸುವುದಿಲ್ಲ. ಸಾಹೇಬರು ಎರಡು ಸಲ ಕೇಳಿದರು, ಎರಡು ಸಲವೂ ಇಲ್ಲವೆಂದೆ. ರೇಖಾ ಎಂಬಾಕೆಯನ್ನು ನಾನು ಒಮ್ಮೆಯೂ ಕಂಡಿಲ್ಲ.

ಅದೊಂದನ್ನು ಬಿಟ್ಟು ನನಗೆ ಗೊತ್ತಿರುವುದನ್ನೆಲ್ಲ ಹೇಳಿದ್ದೇನೆ. ಬರೆದುಕೊಂಡದ್ದನ್ನು ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ನರಸಿಂಹರಾಜಪುರ
ದಿನಾಂಕ: 24-01-2007
ಸಹಿ: ದಿವ್ಯ