ಗೆಲ್ಲುವವರ ಹೆಸರು

ಕಾಲೇಜು ಫುಟ್‌ಬಾಲ್ ಶುರುವಾಗಲು ವಾರವಷ್ಟೇ ಉಳಿದಿತ್ತು. ಅಲಬಾಮಾದ ಸಣ್ಣ ಆಸ್ಪತ್ರೆಯೊಂದರಲ್ಲಿ ಓಪಲ್ ಉಳುಕಿದ ಕಾಲು ಚಾಚಿ ಕೂತಿದ್ದಳು. ಎದುರಿಗೆ ಒಂದೇ ತಂಡದ ಅಂಗಿ ತೊಟ್ಟ ಇಬ್ಬರು. ಹಾರ್ಲನ್‌ನ ತುಟಿ ಸೀಳಿ ರಕ್ತ ಸುರಿಯುತ್ತಿತ್ತು. ಹೊಡೆದವನೇ ಕರೆತಂದಿದ್ದ: ಹೆಂಡತಿಯ ತಮ್ಮ ರಾಯ್ಸ್.

"ಮಾಂಸ ಸುಡೋ ಇಕ್ಕಳದಲ್ಲಿ ಮುಖಕ್ಕೆ ಬಾರಿಸ್ತಾರೇನೋ, ರಾಯ್ಸ್?"

"ನಮ್ಮ ಅಂಗಿ ಹಾಕ್ಕೊಂಡು, ನೆಂಟರ ಎದುರಿಗೆ, ಈ ಸಲ ಕಾನ್ಫರೆನ್ಸ್ ಕಪ್ ಗೆಲ್ಲೋದು ಆ ಜಾರ್ಜಿಯಾದೋರು ಅಂದ್ರೆ ಮುತ್ತು ಕೊಡ್ಲಾ, ಭಾವ? ಒಲೇನೇ ಎತ್ತಿ ಹಾಕ್ಬೇಕಿತ್ತು!"

"ನಾನು ಪ್ರತಿ ವರ್ಷ ಯಾರು ಗೆಲ್ತಾರೆ ಅಂತಿದ್ದೆ?"

"ನಾವೇ ಅಂತಿದ್ದೆ."

"ಗೆದ್ವಾ?"

"ಎಲ್ಲಿ? ಮಣ್ಣು ಮುಕ್ಕಿದ್ವಿ."

"ನನ್ನ ಬಾಯೇ ಸರಿಯಿಲ್ಲ ಕಣೋ. ಯಾರ ಹೆಸರು ಹೇಳಿದ್ರೂ ಅವರು ಮುಳುಗ್ತಾರೆ. ಅದಕ್ಕೇ ಈ ಸಲ ಅವರ ಹೆಸರು ಹೇಳ್ದೆ."

"ಅಯ್ಯೋ! ಮೊದ್ಲೇ ಬೊಗಳೋಕೇನಾಗಿತ್ತು?"

"ನೀನು ಬಿಟ್ರೆ ತಾನೇ? ನನ್ನ ಮನಸ್ಸಲ್ಲಿರೋದು ಕೇಳು, ಈ ಸಲ ಗೆಲ್ಲೋದು ನಾ..."

ರಾಯ್ಸ್‌ನ ಅಂಗೈ ಆ ಸೀಳು ತುಟಿಯ ಮೇಲೆ ಫಟಾರನೆ ಬಿತ್ತು. ರಕ್ತ ಓಪಲ್‌ಳ ಚಪ್ಪಲಿಗೂ ಸಿಡಿಯಿತು.

"ಆ ಹೆಸರೆತ್ತಿದ್ರೆ ಕೊಂದ್ಬಿಡ್ತೀನಿ!"

ನರ್ಸ್ ಕರೆದಳು. ಬಾಯಿಯ ಮೇಲಿಂದ ಕೈ ತೆಗೆಯದೆಯೇ ರಾಯ್ಸ್ ಭಾವನನ್ನು ಒಳಕ್ಕೆ ದೂಡಿಕೊಂಡು ಹೋದ. ಬಾಗಿಲು ಮುಚ್ಚಿದ ಮೇಲೂ ಅವನ ಅರಚಾಟ ಓಪಲ್‌ಗೆ ಕೇಳಿಸಿತು.

"ಡಾಕ್ಟ್ರೇ, ಬಾಯಿ ಪೂರ್ತಿ ಹೊಲಿದುಬಿಡಿ! ಡಿಸೆಂಬರ್ ಫೈನಲ್‌ವರೆಗೂ ಬಿಚ್ಚಬೇಡಿ!"