ಚಿಕ್ಕೀರಪ್ಪನ ಫೈಲು

ಅಲ್ಲಕ್ಕಾ, ನಾನ್ಯಾಕೆ ತೆಗೀಲಿ ನಿನ್ನ ಹೆಸ್ರು? ಒಡಹುಟ್ಟಿದ ತಮ್ಮ ಕಣಕ್ಕಾ ನಾನು! ಮೊಳಕಾಲ್ಮೂರಿಂದ ಬಸ್ ಹತ್ತಿ ಬಂದು, ಹಿಂಗೆ ಬಾಗಿಲಲ್ಲೇ ನಿಂತು ನೋಡಿದ್ರೆ... ಕೂತ್ಕೊ. ಬ್ಯಾಡ್ವಾ? ನಿಂತೇ ಇರು ಹಂಗಾರೆ!

ಎಲ್ಲಾ ಈ ದರಿದ್ರ ಕಂಪ್ಯೂಟ್ರಿಂದು! ಹದಿನೈದು ದಿನದಿಂದ ಪ್ರಾಣ ತಿಂತೈತೆ. ಟೈಪ್ ಮಾಡೋ ಸಾಫ್ಟ್‌ವೇರೇ ಕೆಟ್ಟೈತೆ. ಒಂದು ಫೈಲ್ ಒತ್ತಿದ್ರೆ ಇನ್ನೊಂದು ತೆರೀತೈತೆ. ಮೊನ್ನೆ ಯಾರದೋ ಲಗ್ನಪತ್ರಿಕೆ ತೆಗೆದ್ರೆ ಬಾಡಿಗೆ ಕರಾರು ಬಂತು! ತಾಲ್ಲೂಕು ಆಫೀಸಿನ ಎದುರಿಗೇ ಅಂಗಡಿ ಇಟ್ಕೊಂಡು ದಿನಾ ಜನರ ಕೈಲಿ ಉಗಿಸ್ಕೊತಿದೀನಿ ನಾನು... ತಲೆ ಯಾಕೆ ಆಡಿಸ್ತೀಯ? ಸುಳ್ಳು ಅಂತಾನಾ?

ಕೇಳಿಲ್ಲಿ. ದೇವಸಮುದ್ರದ ಚಿಕ್ಕೀರಪ್ಪ ವಂಶವೃಕ್ಷ ಮಾಡ್ಸೋಕೆ ಬಂದಿದ್ದ. ಮಗಳ ಹೆಸ್ರು ಎರಡು ಸಲ ಬಂದೈತೆ, ಮೊದಲನೇ ಸಾಲು ತೆಗಿ ಅಂದ. ಅವನ ಫೈಲ್ ಒತ್ತಿದೆ. ತೆರ್ಕೊಂಡಿದ್ದು ನಮ್ಮನೇದು! ಎರಡೂ ಒಂದೇ ನಮೂನೆ, ಒಂದೇ ಅಕ್ಷರ... ನೋಡ್ಲಿಲ್ಲ. ಮೊದಲನೇ ಸಾಲು ಅಳಿಸ್ದೆ. ಅದು ನಿಂದಾಗಿತ್ತು... ಕಾಂಚನಾ, ಹಿರೇ ಮಗಳು ಅಂತ. ಅದೇ ಪ್ರಿಂಟಾಯ್ತು, ಅದೇ ಆಫೀಸಿಗೆ ಹೋಯ್ತು. ನನ್ನ ತಪ್ಪೇನೈತೆ ಇದ್ರಾಗೆ? ಆ ಪಕ್ಕದ ಮನೆ ಜುಂಜಮ್ಮ! ಸಾಕ್ಷಿ ಸಹಿ ಹಾಕೋಕೆ ಬಂದೋಳು ಹಾಕಿ ಹೋಗೋದು ಬಿಟ್ಟು, ನಿಂಗೆ ಫೋನ್ ಮಾಡಿ ಕಿವಿ ಊದಿದ್ಲು!

ಏನು, ಫೈಲ್ ತೆಗೀಬೇಕಾ? ತೆಗೀತೀನಿ, ನಂಗೇನು ಭಯ! ಇಗೋ... ಥೂ, ಈಗ ಮಾತ್ರ ಸರಿಯಾಗಿ ತೆರೀತು ನೋಡು, ನನ್ ಮರ್ಯಾದೆ ತೆಗಿಯೋಕೆ! ಓದ್ಕೊ. ಮಾರುತೇಶ, ಅದು ನಾನು. ದುರುಗೇಶ, ನಮ್ಮ ಚಿಕ್ಕೋನು. ಒಂದೇ ಒಂದು ಸಾಲು ಹೋಗೈತೆ, ಅಷ್ಟೇ. ಈಗ್ಲೇ ಸೇರಿಸ್ತೀನಿ, ಎಷ್ಟೊತ್ತಿನ ಕೆಲಸ...

ಏನದು? ಅಲ್ಲಿ ಯಾಕೆ ಬೆರಳಿಟ್ಟೆ? ಕೆಳಗಡೆ, ಅವ್ವನ ಹೇಳಿಕೆ... ‘ಮೇಲ್ಕಂಡಂತೆ ನನಗೆ ಇಬ್ಬರೇ ಮಕ್ಕಳು’... ಹೂಂ. ಅದೂ... ಅದನ್ನೂ ಈ ಕಂಪ್ಯೂಟ್ರೇ...

ಬೆರಳು ತೆಗಿಯಕ್ಕಾ.

ತೆಗಿ ಅಂದ್ನಲ್ಲ! ಬಾಯಿಗೆ ಬಂದಂಗೆ ಬೈ. ಕೆನ್ನೆಗೆ ಎರಡು ಹೊಡಿ. ಹಿಂಗೆ ಸುಮ್ನೆ ನಿಲ್ಬ್ಯಾಡ!

ಹೌದು, ನಾನೇ ಟೈಪ್ ಮಾಡ್ದೆ! ‘ಮೂವರು’ ಅಂತಿತ್ತು, ‘ಇಬ್ಬರೇ’ ಅಂತ ಮಾಡ್ದೆ. ಚಿಕ್ಕೀರಪ್ಪ ಆವತ್ತು ಬಂದೇ ಇರ್ಲಿಲ್ಲ. ತಳಕು ಊರಲ್ಲಿರೋ ಅಪ್ಪನ ಮನೆ ನಮ್ಮ ಅಣ್ಣತಮ್ಮ ಇಬ್ಬರ ಹೆಸ್ರಿಗೇ ಆಗ್ಲಿ ಅಂತ... ಬಾಯ್ಬಿಟ್ಟು ಕೇಳಿದ್ರೆ ನೀನೇ ಬಿಟ್ಟುಕೊಡ್ತಿದ್ಯೇನೋ. ಕೇಳೋಕೆ ಮುಖ ಇರ್ಲಿಲ್ಲ ನಂಗೆ.

ಅವ್ವನ ಮೇಲೆ ಸಿಟ್ಟಾಗಬ್ಯಾಡ. ಅವಳಿಗೆ ಓದೋಕೆ ಎಲ್ಲಿ ಬರ್ತೈತೆ? ಹೆಬ್ಬೆಟ್ಟು ಒತ್ತೋಕೆ ಮುಂಚೆ ‘ಏನು ಬರ್ದೀಯ, ಓದಪ್ಪಾ’ ಅಂದ್ಲು. ಓದಿದೆ. ಮೂರು ಹೆಸ್ರೂ ಓದಿದೆ ಕಣಕ್ಕಾ... ಮೊದಲು ನಿಂದೇ. ‘ಹೂಂ’ ಅಂದ್ಲು ಅವ್ವ. ನಕ್ಕೊಂಡು ಒತ್ತಿದ್ಲು.