ತಿಪ್ಪಮ್ಮನ ಒಳಕೋಣೆಯ ಮೂಲೆ

ನಗೋದಿದ್ರೆ ಈಗ್ಲೇ ನಕ್ಕುಬಿಡ್ರೋ, ಆಮೇಲೆ ಮಧ್ಯೆ ಕಿಸಕ್ ಅಂದ್ರೆ ನಾನು ಎದ್ದು ಹೋಗ್ತೀನಿ. ಇದು ನಮ್ಮ ಪಕ್ಕದ ಮನೆ ಶಾಕಿರ್‌ಗೆ ಆಗಿದ್ದು. ಅದೇ, ಕಡೂರಲ್ಲಿ ಪೇಂಟಿಂಗ್ ಕೆಲಸ ಮಾಡ್ತಾನಲ್ಲ, ಅವನಿಗೆ.

ಸಖರಾಯಪಟ್ಟಣದಲ್ಲಿ ಕೆಲಸ ಮುಗಿಸಿ ಬಸ್ಸಿಗೆ ಅಂತ ಬರ್ತಿದ್ದ. ಕತ್ತಲಾಗಿತ್ತು. ತೆಂಗಿನ ತೋಟದ ಬಾವಿ ದಾಟಬೇಕು, ಅಷ್ಟರಲ್ಲಿ ಹಿಂದಿಂದ... ಸರ್ರ್... ಸರ್ರ್... ನಿಂತ. ಗೋಡೆ ಮೇಲೆ ಎಮೆರಿ ಪೇಪರ್ ಉಜ್ಜೋ ಸದ್ದು. ದಿನಾ ಕೇಳೋ ಸದ್ದು, ತಪ್ಪಾಗುತ್ತಾ? ಬರ್ತಾ ಇದ್ದಿದ್ದು ಅವನು ಈಗ ತಾನೇ ಬಿಟ್ಟು ಬಂದ ತಿಪ್ಪಮ್ಮನ ಮನೆ ಕಡೆಯಿಂದ.

"ಬಸವೇಶಂದೇ ಕೆಲಸ," ಅಂದ್ಕೊಂಡ. ಬಸವೇಶನೂ ಪೇಂಟರ್ರೇ. ತಿಪ್ಪಮ್ಮನ ಮನೆ ಕೆಲಸ ಕೈ ತಪ್ಪಿತು ಅಂತ ಹೊಟ್ಟೆ ಉರ್ಕೊಂಡಿದ್ದ. ಗೋಡೆ ಕೆಡಿಸಿ ಹೆಸರು ಹಾಳು ಮಾಡೋಕೆ ಬಂದಿರ್ತಾನೆ ಖದೀಮ!

ಶಾಕಿರ್ ಪೇಂಟ್ ಮಾಡ್ತಿದ್ದ ಒಳಕೋಣೆ ಯಾರಿಗೆ ಗೊತ್ತಾ? ತಿಪ್ಪಮ್ಮನ ಮಗಳು ಭೂಮಿಕಾಗೆ. ಹೆತ್ತು, ಎಳೇ ಕೂಸು ಎತ್ಕೊಂಡು ಬಾಣಂತನಕ್ಕೆ ಬರೋಳಿದ್ಲು. ಕೂಸು ಮಲಗೋ ಕೋಣೆ, ಅದಕ್ಕೇ ಚೆಂದ ಆಗ್ಬೇಕಿತ್ತು.

ಆದ್ರೆ ಆ ಮನೇಲಿ ಒಂದು ಪದ್ಧತಿ. ಒಳಕೋಣೆ ಬಾಗಿಲ ಹಿಂದಿನ ಮೂಲೇಲಿ ಪ್ರತಿ ಯುಗಾದಿಗೂ ಸುಣ್ಣದ ಮೇಲೆ ಸುಣ್ಣ ಬಳೀಬೇಕು, ಕೆರೀಬಾರದು. "ಬೇರೆಲ್ಲ ಕೆರಿಯಪ್ಪಾ, ಅದೊಂದು ಬಿಡು," ಅಂದಿದ್ಲು ತಿಪ್ಪಮ್ಮ. ಯಾಕೆ ಅಂದ್ರೆ, "ನಮ್ಮತ್ತೆ ಹೇಳಿದ್ದು," ಅಷ್ಟೇ. ಪೇಂಟಿಗೆ ಮುಂಚೆ ಗೋಡೆಗೆ ಮೆತ್ತೋ ಬಿಳೀ ಪುಟ್ಟಿ ಹಳೇ ಸುಣ್ಣದ ಮೇಲೆ ನಿಲ್ಲುತ್ತೇನ್ರೋ? ನಾಳೆ ಹಕ್ಕಳೆ ಎದ್ರೆ ಬೈಸ್ಕೊಳ್ಳೋನು ಶಾಕಿರ್. ಆಯಮ್ಮ ಅಂಗಡಿಗೆ ಹೋದಾಗ ಕರಕರ ಕೆರೆದು, ಪುಟ್ಟಿ ಎಳೆದುಬಿಟ್ಟಿದ್ದ. ಒಣಗಲಿ, ಬೆಳಗ್ಗೆ ಬಂದು ಉಜ್ಜೋಣ ಅಂತ ಬೀಗ ಹಾಕಿ, ಬೀಗದ ಕೈ ತಿಪ್ಪಮ್ಮಂಗೆ ಕೊಟ್ಟು ಬಂದಿದ್ದ.

ಓಡ್ಕೊಂಡು ವಾಪಸ್ ಹೋದ. ತಿಪ್ಪಮ್ಮ ಒಳಕೋಣೆ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ಲು.

"ಅಮ್ಮಾ, ಒಳಗ್ಯಾರು?" ಪಿಸುಗುಟ್ಟಿದ.

"ಯಾರಿರ್ತಾರಪ್ಪಾ? ಬೀಗದ ಕೈ ನನ್ ಸೊಂಟದಲ್ಲೇ ಐತೆ."

ಸರ್ರ್... ಸರ್ರ್...

ಸದ್ದು ನೆಲದ ಹತ್ತಿರದಿಂದ ಬರ್ತಿತ್ತು. ಉಜ್ಜೋದು, ನಿಲ್ಸೋದು, ಉಫ್ ಅಂತ ಊದೋದು... ಮತ್ತೆ ಉಜ್ಜೋದು.

"ಶಾಕಿರ್... ಆ ಮೂಲೆ ಕೆರೆದ್ಯಾ?"

"ಇಲ್ಲಮ್ಮ."

ಅವನ ಮುಖ ನೋಡಿದ್ಲು. ಸುಳ್ಳು ಅಂತ ಗೊತ್ತಾಯ್ತು. ಬೀಗ ತೆಗೆದ್ಲು. ಟಕ್... ಸದ್ದು ನಿಂತೋಯ್ತು.

ಒಳಗೆ ಯಾರೂ ಇಲ್ಲ. ಕಿಟಕಿಗೆ ಕಂಬಿ, ಒಳಗಿಂದ ಚಿಲಕ. ಶಾಕಿರ್ ಟಾರ್ಚ್ ಬೆಳಕು ಬಿಟ್ಟ. ಗೋಡೆ ಮೇಲ್ಗಡೆ ಪುಟ್ಟಿ ಎಳೆದ ಬ್ಲೇಡಿನ ಗೀರು ಹಂಗೇ ಇತ್ತು. ಮೂಲೇಲಿ ಮಾತ್ರ, ಅಂಬೆಗಾಲಿಡೋ ಮಗೂ ಕೈಗೆ ಎಟುಕೋವಷ್ಟು ಎತ್ತರಕ್ಕೆ, ನುಣ್ಣಗೆ ಉಜ್ಜಿತ್ತು. ಬಗ್ಗಿ ನೆಲ ನೋಡಿದ. ಅಷ್ಟು ಉಜ್ಜಿದ್ರೆ ಪುಡಿ ರಾಶಿ ಬೀಳ್ಬೇಕು. ಒಂದು ಚಿಟಿಕೇನೂ ಇಲ್ಲ.

"ತಪ್ಪಾಯ್ತಮ್ಮ, ನಾನೇ ಕೆರೆದೆ," ಅಂದ. "ಕೂಸನ್ನ ಇಲ್ಲಿ ಮಲಗಿಸಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ತಿಪ್ಪಮ್ಮ ಮಲಗಿಸಲಿಲ್ಲ. ಅವತ್ತು ಹಾಕಿದ ಬೀಗ ಮತ್ತೆ ತೆಗೀಲೇ ಇಲ್ಲ. ಭೂಮಿಕಾ ಬಂದಾಗ ಹಾಲ್‌ನಲ್ಲೇ ಸೀರೆ ಕಟ್ಟಿ ಮರೆ ಮಾಡಿದ್ರು. ಕೂಸು ಒಳಕೋಣೆ ಹೊಸ್ತಿಲೂ ದಾಟಿಲ್ಲ.

ಭೂಮಿಕಾ ಬಂದ ಮಾರನೇ ಬೆಳಗ್ಗೆ ಶಾಕಿರ್ ಅಲ್ಲೇ ಬಿಟ್ಟಿದ್ದ ಏಣಿ ತರೋಕೆ ಹೋಗಿದ್ದ. ಹಿತ್ತಲಲ್ಲಿ ತಿಪ್ಪಮ್ಮ ಕಾಲು ಚಾಚಿ ಕೂತು, ಮೇಲೆ ಕೂಸನ್ನ ಮಲಗಿಸ್ಕೊಂಡು ನೀರು ಹಾಕ್ತಿದ್ಲು. ಕೂಸು ಮುಷ್ಟಿ ಬಿಗಿಹಿಡಿದಿತ್ತು. ತೊಳೆಯೋಣ ಅಂತ ಮೆಲ್ಲಗೆ ಬಿಡಿಸಿದ್ಲು. ಕೈ ಅಲ್ಲೇ ನಿಂತೋಯ್ತು. "ಶಾಕಿರ್, ಬಾ ಇಲ್ಲಿ," ಅಂದ್ಲು.

ಅಂಗೈ ತುಂಬ ಬಿಳೀ ಪುಡಿ. ಅವನು ಬೆರಳಲ್ಲಿ ತಿಕ್ಕಿ ನೋಡಿದ. ಪುಟ್ಟಿ ಕಣ್ರೋ. ನಡೆದಿದ್ದು ಹೇಳ್ತಿದೀನಿ... ನಂಬದಿದ್ರೆ ಬೆಳಗ್ಗೆ ಅವನ್ನೇ ಕೇಳ್ರಿ.